ಮನೆಯಂಗಳದ ಮಾತು: ಹಳೇ ಜಾವಾದ ಸೀಟಿಗೆ ಹೊಸ ಹೊದಿಕೆ



ಕಳೆದ ಸಲ ಹಲಸಿನ ಹಪ್ಪಳದ ವಿಷಯ ಬರೆದಿದ್ದೆ. ಮೋಡ ಮುಚ್ಚಿಕೊಂಡು ಹಪ್ಪಳ ಒಣಗಲೇ ಇಲ್ಲ ಅಂತ ನಾಲ್ಕು ಜನ ಬೈದು ಬರೆದಿದ್ದೀರಿ. ಬೈಗುಳವನ್ನು ತಲೆಬಾಗಿ ತೆಗೆದುಕೊಂಡಿದ್ದೇನೆ. ಈ ಸಲ ಅಡಿಗೆಮನೆ ಬಿಟ್ಟು ಹಿತ್ತಿಲಿಗೆ ಹೋಗೋಣ. ಕಾರಣ, ನಮ್ಮ ಬೇಗೂರು ಹೋಬಳಿಯ ಪಕ್ಕದ ಊರಿನಿಂದಲೇ ಬಂದ ಒಂದು ಕಾಗದ.

“ಅಕ್ಕಾ, ನಮ್ಮನೆಯವರು ಹೋಗಿ ಎರಡು ವರ್ಷವಾಯಿತು. ಅವರ ಯೆಜ್ಡಿ ಗಾಡಿ ಹಿತ್ತಿಲ ಸೂರಿನಡಿ ನಿಂತಿದೆ. ಸೀಟು ಹರಿದು ಒಳಗೆ ಇಲಿ ಗೂಡು ಕಟ್ಟಿದೆ. ಗುಜರಿಯವನು ವಾರಕ್ಕೊಂದು ಸಲ ಬಂದು ಕೇಳ್ತಾನೆ. ಕೊಟ್ಟುಬಿಡು ಅಂತಾನೆ ಮಗ. ನನಗೆ ಮನಸ್ಸು ಬರ್ತಾ ಇಲ್ಲ. ನನ್ನ ಹತ್ತಿರ ಹೊಲಿಗೆ ಮಿಷನ್ ಇದೆ, ರವಿಕೆ ಹೊಲಿದೇ ಸಂಸಾರ ಸಾಗಿಸ್ತಾ ಇದೀನಿ. ಆ ಸೀಟನ್ನು ನಾನೇ ಹೊಲಿಯಬಹುದಾ? ನಗಬೇಡಿ.”

ನಗುವ ಮಾತೆಲ್ಲಿ ಬಂತು ತಾಯೀ? ಹೊಲಿಯಬಹುದು. ನಾನು ಹೊಲಿದಿದ್ದೇನೆ. ಮೊದಲ ಸಲ ಕೆಡಿಸಿದ್ದೇನೆ, ಎರಡನೇ ಸಲವೂ ಕೆಡಿಸಿದ್ದೇನೆ, ಮೂರನೇ ಸಲ ಸರಿಹೋಯಿತು. ಆ ಎರಡು ಸಲದ ಕೆಡುಕು ನಿಮಗೆ ಬರದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ, ಅಂದರೆ ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವಿನ ಈ ಊಟಿ ರಸ್ತೆಯಲ್ಲಿ, ಒಂದು ಕಾಲಕ್ಕೆ ಮೋಟಾರ್ ಸೈಕಲ್ ಅಂದರೆ ಜಾವಾ, ಇಲ್ಲದಿದ್ದರೆ ಯೆಜ್ಡಿ. ಆಗದೇ ಏನು, ಅದು ಹುಟ್ಟಿದ್ದೇ ನಮ್ಮ ಮೈಸೂರಿನ ಯಾದವಗಿರಿಯಲ್ಲಿ. ಹೆಸರು ಮಾತ್ರ ದೂರದ್ದು. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬುವವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡುವ ಹಕ್ಕು ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರಕ್ಕೆ ಆ ಕಂಪನಿಯ ಮೊದಲೆರಡು ಅಕ್ಷರ ಸೇರಿಸಿದರು, ಜಾವಾ ಆಯಿತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿ ಹೊರಬರಲು ಶುರುವಾದದ್ದು 1961ರಲ್ಲಿ. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮತ್ತೆ ಬಂದವು. ಆದರೆ ಅವು ಮೈಸೂರಿನವಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವಂಥವು. ಹಾಗಾಗಿ ನಿಮ್ಮ ಸೂರಿನಡಿ ನಿಂತಿರುವುದು ಬರೀ ಕಬ್ಬಿಣ ಅಲ್ಲ ತಂಗೀ, ಮೈಸೂರಿನ ಕೂಸು.

ನಮ್ಮನೆಯವರ ಜಾವಾ ಅರವತ್ತರ ದಶಕದ್ದು. ಮದುವೆಗೆ ಎರಡು ವರ್ಷ ಮೊದಲು, 1976ರಲ್ಲಿ, ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಕುಂಕುಮದ ಬಣ್ಣ ಮಾಗಿದ ಹಾಗೆ ಕೆಂಪು, ಟ್ಯಾಂಕಿನ ಪಕ್ಕದಲ್ಲಿ ಬೆಳ್ಳಿಯ ಹೊಳಪು. ಕಿಕ್ ಹೊಡೆಯುವ ಕಡ್ಡಿಯೇ ಗೇರು ಹಾಕುವ ಕಡ್ಡಿ. ಒಂದೇ ಕೈಯಲ್ಲಿ ಸೌಟೂ ಚಿಮಟವೂ ಹಿಡಿದ ಹಾಗೆ! ನಾನು ಬೇಗೂರಿಗೆ ಸೊಸೆಯಾಗಿ ಬಂದ ಮೇಲೆ ಆ ಗಾಡಿಯ ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು ನಂಜನಗೂಡು ತೇರಿಗೆ ಹೋಗಿದ್ದೇನೆ, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೇನೆ, ತುಂಬಿದ ಬಸುರಿಯಾಗಿ ಆಸ್ಪತ್ರೆಗೂ ಹೋಗಿದ್ದೇನೆ. ಅತ್ತೆಯವರು ಬಾಗಿಲಲ್ಲಿ ನಿಂತು “ಬಿಗಿಯಾಗ್ ಹಿಡ್ಕೋ ಕನವ್ವ” ಅಂತ ಕೂಗೋರು. ಹಿಡಿಯೋದು ಎಲ್ಲಿ? ಇವರ ಸೊಂಟ ಹಿಡಿದರೆ ಊರವರು ನೋಡುತ್ತಾರಲ್ಲ ಅಂತ ಸಂಕೋಚ. ಸೀಟಿನ ಅಂಚನ್ನೇ ಗಟ್ಟಿಯಾಗಿ ಹಿಡಿದು ಕೂರುವುದು. ಬೇರೆ ಯಾರಿಗೂ ಸೀಟಿನ ಯೋಚನೆ ಇರಲಿಲ್ಲ, ನನಗೆ ಮಾತ್ರ ಇತ್ತು.

1982ರ ಹೊತ್ತಿಗೆ ಸೀಟು ಕುಸಿದು ಹೊದಿಕೆ ಬಿರುಕು ಬಿಟ್ಟಿತು. ಮಳೆ ಬಂದರೆ ನೀರು ಕುಡಿದು, ಕೂತವರ ಬಟ್ಟೆಯನ್ನೆಲ್ಲ ಒದ್ದೆ ಮಾಡುತ್ತಿತ್ತು. “ದುಡ್ಡು ಯಾಕೆ ಖರ್ಚು, ನಾನೇ ಮಾಡ್ತೀನಿ” ಅಂದೆ. ಮನೆಯಲ್ಲಿ ಹಾಸಿಗೆಯದೊಂದು ಸ್ಪಂಜಿನ ತುಂಡು ಉಳಿದಿತ್ತು. ಅದನ್ನು ತುರುಕಿ, ಮೇಲೆ ಹೊಳೆಯುವ ರೆಕ್ಸಿನ್ ಹಾಕಿ, ರವಿಕೆ ಹೊಲಿಯುವ ನೂಲಿನಲ್ಲೇ ಹೊಲಿದೆ. ಮೆತ್ತಗೆ ಹೂವಿನ ಹಾಗಿತ್ತು. ಎಲ್ಲರೂ ಹೊಗಳಿದರು.

ಹೊಗಳಿಕೆ ಒಂದು ಮಳೆಗಾಲ ನಿಂತಿತು. ಮರುವರ್ಷ ಗುಂಡ್ಲುಪೇಟೆ ಸಂತೆಯಿಂದ ಬರುತ್ತಾ ಇದ್ದೆವು. ನಾಲ್ಕು ವರ್ಷದ ಮಗ ನನ್ನ ಮಡಿಲಲ್ಲಿದ್ದ. ನಾನು ಯಾವಾಗಲೂ ಎಡಕ್ಕೇ ಕಾಲು ಇಳಿಬಿಟ್ಟು ಕೂರುತ್ತಿದ್ದರಿಂದ ಆ ಮೆತ್ತನೆ ಸ್ಪಂಜಿನ ಎಡಗಡೆಯ ಅಂಚು ಪೂರ್ತಿ ಕುಸಿದು, ಸೀಟು ಜಾರುಬಂಡೆಯ ಹಾಗಾಗಿತ್ತು. ರಸ್ತೆಯಲ್ಲಿ ಸಣ್ಣದೊಂದು ಗುಂಡಿ. ಗಾಡಿ ಎಗರಿತು, ನಾನು ಹೊಳೆಯುವ ರೆಕ್ಸಿನ್ ಮೇಲೆ ಸರ್ರನೆ ಜಾರಿ ಮಗು ಸಮೇತ ರಸ್ತೆಗೆ ಬಿದ್ದೆ. ದೇವರ ದಯೆ, ಗಾಡಿ ನಿಧಾನವಾಗಿತ್ತು, ಹಿಂದೆ ಬಸ್ಸು ಬರುತ್ತಿರಲಿಲ್ಲ. ಮಗುವಿಗೆ ಹಣೆ ತರಚಿತು, ನನ್ನ ಮೊಣಕೈಯಲ್ಲಿ ಇವತ್ತಿಗೂ ಗುರುತಿದೆ. ಇವರು ರಸ್ತೆ ಮಾಡಿದವರನ್ನು ಬೈದರು. ನಾನು ಸುಮ್ಮನಿದ್ದೆ. ಬಿದ್ದದ್ದು ಗುಂಡಿಯಿಂದಲ್ಲ, ನಾನು ತುರುಕಿದ ಸ್ಪಂಜಿನಿಂದ ಅಂತ ನನಗೆ ಗೊತ್ತಿತ್ತು. ಇವರಿಗೆ ಅದನ್ನು ಹೇಳಲು ನನಗೆ ಬಹಳ ವರ್ಷ ಬೇಕಾಯಿತು.

ಆಮೇಲೆ ನಂಜನಗೂಡಿನಲ್ಲಿ ಗಾಡಿಗಳಿಗೆ ಸೀಟು ಕಟ್ಟುತ್ತಿದ್ದ ಒಬ್ಬ ಹಿರಿಯರ ಹತ್ತಿರ ಹೋದೆವು. ನಾನು ಮಾಡಿದ ಕೆಲಸ ಬಿಚ್ಚಿ ನೋಡಿ ಅವರು ನಗಲಿಲ್ಲ. “ಹೊಲಿಗೆ ಚೆನ್ನಾಗದೆ ಕನವ್ವ, ಸಾಮಾನು ತಪ್ಪು” ಅಂದರು. ಅವರು ಹೇಳಿಕೊಟ್ಟದ್ದಕ್ಕೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಈಗ ನಿಮಗೆ ಹೇಳುತ್ತೇನೆ.

ಸ್ಪಂಜಿನಲ್ಲಿ ಜಾತಿಗಳಿವೆ

ಬಹಳ ಹಳೆಯ ಗಾಡಿಗಳ ಸೀಟಿನಲ್ಲಿ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು ಅಥವಾ ಕುದುರೆ ಕೂದಲು ಇರುತ್ತಿತ್ತು. ಆಮೇಲೆ ಬಂದದ್ದು ರಬ್ಬರಿನ ಫೋಮು. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯವರು ರಬ್ಬರ್ ಮರದ ಹಾಲನ್ನು ನಾವು ಮೊಟ್ಟೆ ಕಡೆಯುವ ಹಾಗೆ ನೊರೆಬರಿಸಿ, ಅಚ್ಚಿಗೆ ಹುಯ್ದು ಬೇಯಿಸಿ ಮಾಡಿದರು. ಪುಟಿಯುವ ಗುಣ ಚೆನ್ನ. ಆದರೆ ವಯಸ್ಸಾದರೆ ಬಿಸಿಲಿಗೂ ಗಾಳಿಗೂ ಒಣಗಿ ಹಪ್ಪಳದ ಹಾಗೆ ಪುಡಿಯಾಗುತ್ತದೆ.

ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಾಲಿಯುರಥೇನ್ ಫೋಮು. ಇದರ ಮೂಲ 1937ರಲ್ಲಿ ಜರ್ಮನಿಯ ಓಟೋ ಬೇಯರ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ವಿಧಾನ. ಇದು ಉಬ್ಬುವುದು ಹೇಗೆ ಗೊತ್ತೆ? ನಮ್ಮ ಇಡ್ಲಿ ಹಿಟ್ಟು ಹುದುಗಿದಾಗ ಯಾವ ಗಾಳಿ ಹುಟ್ಟಿ ಹಿಟ್ಟು ಮೇಲೇಳುತ್ತದೋ ಅದೇ ಇಂಗಾಲದ ಡೈ ಆಕ್ಸೈಡ್ ಇಲ್ಲೂ ಹುಟ್ಟುತ್ತದೆ. ಹಿಟ್ಟು ಜಾಸ್ತಿ ಉಬ್ಬಿದರೆ ಇಡ್ಲಿ ಹಗುರ, ಒತ್ತಿದರೆ ಚಪ್ಪಟೆ. ಕಡಿಮೆ ಉಬ್ಬಿದರೆ ಗಟ್ಟಿ. ಫೋಮೂ ಹಾಗೇ. ಅಂಗಡಿಯವರು “32 ಡೆನ್ಸಿಟಿ, 40 ಡೆನ್ಸಿಟಿ” ಅಂತಾರಲ್ಲ, ಅದರ ಅರ್ಥ ಒಂದು ಘನ ಮೀಟರ್ ಫೋಮು 32 ಕಿಲೋ ಅಥವಾ 40 ಕಿಲೋ ತೂಗುತ್ತದೆ ಅಂತ. ತೂಕ ಹೆಚ್ಚಿದ್ದರೆ ಸಾಮಾನ್ಯವಾಗಿ ಬಾಳಿಕೆ ಹೆಚ್ಚು. ಆದರೆ ತೂಕ ಬೇರೆ, ಗಡಸು ಬೇರೆ. ಅಂಗಡಿಯಲ್ಲಿ ಬೆರಳಿನಿಂದ ಅಮುಕಿ ನೋಡಿ ಮೋಸಹೋಗಬೇಡಿ. ತುಂಡನ್ನು ಹಲಗೆ ಮೇಲಿಟ್ಟು ಅದರ ಮೇಲೆ ಕೂತು ನೋಡಿ. ಹಲಗೆ ತಗುಲಿದರೆ ಆ ಫೋಮು ಬೇಡ. ನಾಚಿಕೆ ಪಡಬೇಡಿ, ಬದನೆಕಾಯಿ ಕೊಳ್ಳುವಾಗ ಆರಿಸುವುದಿಲ್ಲವೆ?

ತುಂಡು ಫೋಮುಗಳನ್ನು ಪುಡಿಮಾಡಿ ಅಂಟಿಸಿ ಒತ್ತಿ ಮಾಡಿದ ಬಣ್ಣಬಣ್ಣದ ಹಲಗೆಯೂ ಸಿಗುತ್ತದೆ, ರೀಬಾಂಡೆಡ್ ಅನ್ನುತ್ತಾರೆ. ಅದು ಗಟ್ಟಿ. ತಳಕ್ಕೆ ಒಳ್ಳೆಯದು, ಮೇಲಕ್ಕೆ ಬೇಡ.

ಹೊದಿಕೆ ವಿಷಯ

ರೆಕ್ಸಿನ್ ಅನ್ನುವುದು ಮೊದಲು ಇಂಗ್ಲೆಂಡಿನ ಒಂದು ಕಂಪನಿಯ ಹೆಸರು. ಬಟ್ಟೆಗೆ ಲೇಪ ಹಚ್ಚಿ ಚರ್ಮದ ಹಾಗೆ ಕಾಣಿಸುತ್ತಿದ್ದರು. ನಾವು ಈಗ ರೆಕ್ಸಿನ್ ಅನ್ನುವುದು ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ಕಿನ ಪದರ. ಪಿವಿಸಿ ತಾನಾಗಿ ಗಡಸು. ಅದನ್ನು ಬಾಗುವ ಹಾಗೆ ಮಾಡಲು ಎಣ್ಣೆಯಂಥ ಒಂದು ವಸ್ತು ಬೆರೆಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಆ ಎಣ್ಣೆ ಅಂಶ ಹೊರಟುಹೋಗಿ, ಹೊದಿಕೆ ಸೆಟೆದು ಬಿರುಕು ಬಿಡುತ್ತದೆ. ಅದಕ್ಕೇ ನೆರಳಲ್ಲಿ ನಿಲ್ಲಿಸಿದ ಗಾಡಿಯ ಸೀಟು ಹೆಚ್ಚು ಕಾಲ ಬಾಳುವುದು.

ಕೊಳ್ಳುವಾಗ ತಿರುಗಿಸಿ ಹಿಂಬದಿ ನೋಡಿ. ಹೆಣೆದ ಬನಿಯನ್ ಬಟ್ಟೆಯಂತಿದ್ದರೆ ಸ್ವಲ್ಪ ಹಿಗ್ಗುತ್ತದೆ, ಮೂಲೆಗಳಲ್ಲಿ ಸುಕ್ಕಿಲ್ಲದೆ ಕೂರುತ್ತದೆ. ಉಗುರಿನಿಂದ ಕೆರೆದರೆ ಪದರ ಏಳುವಂಥದ್ದು ಬೇಡ. ಮುಖ್ಯವಾದ ಮಾತು: ಹೊಳೆಯುವ ನುಣುಪು ರೆಕ್ಸಿನ್ ಬೇಡ. ನೈಲಾನ್ ಸೀರೆ ಉಟ್ಟು ಅದರ ಮೇಲೆ ಒಂದು ಪಕ್ಕಕ್ಕೆ ಕೂತವಳಿಗೆ ಅದು ಎಣ್ಣೆ ಸವರಿದ ಮಣೆ. ಧಾನ್ಯ ಚೆಲ್ಲಿದ ಹಾಗೆ ತರಿ ಇರುವ ಹೊದಿಕೆಯನ್ನೇ ಆರಿಸಿ.

ಇನ್ನು ಮಾಡುವ ಬಗೆ. ನಮಗೆ ಅಭ್ಯಾಸವಾದ ರೀತಿಯಲ್ಲೇ ಬರೆಯುತ್ತೇನೆ.

ಬೇಕಾಗುವ ಸಾಮಾನು: ತರಿ ಇರುವ ರೆಕ್ಸಿನ್ ಒಂದೂಕಾಲು ಮೀಟರ್ (54 ಅಂಗುಲ ಪನ್ನದ್ದು), ತಳಕ್ಕೆ ಒಂದು ಅಂಗುಲ ದಪ್ಪದ ಗಟ್ಟಿ ಫೋಮು, ಮೇಲಕ್ಕೆ ಒಂದೂವರೆ ಅಂಗುಲದ 40 ಡೆನ್ಸಿಟಿ ಫೋಮು, ರಬ್ಬರ್ ಗೋಂದು, ದಪ್ಪ ಪಾಲಿಯೆಸ್ಟರ್ ಅಥವಾ ನೈಲಾನ್ ದಾರ, 16 ಅಥವಾ 18ನೇ ನಂಬರ್ ಸೂಜಿ, ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಕೆಂಪು ಆಕ್ಸೈಡ್ ಬಣ್ಣ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಒಂದು ಡಜನ್. ಫೋಮಿನ ದಪ್ಪವನ್ನು ನಿಮ್ಮ ಹಳೇ ಸೀಟಿನ ಎತ್ತರ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮಾಡುವ ವಿಧಾನ: ಮೊದಲು ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗವಸು ಹಾಕಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಸೀಟನ್ನು ಬಯಲಿನಲ್ಲಿಟ್ಟು, ನೀರು ಚಿಮುಕಿಸಿ ಧೂಳು ಏಳದ ಹಾಗೆ ಬಿಚ್ಚಿ. ಬಹಳ ಹಳೇ ಸೀಟುಗಳ ತಗಡಿನ ಅಂಚಿನಲ್ಲಿ ಸಣ್ಣ ಹಲ್ಲುಗಳಿದ್ದು ಹೊದಿಕೆಯನ್ನು ಕಚ್ಚಿ ಹಿಡಿದಿರುತ್ತವೆ. ಅವನ್ನು ಮೆಲ್ಲಗೆ ಎತ್ತಿ. ಮುರಿದರೆ ಮತ್ತೆ ಹುಟ್ಟುವುದಿಲ್ಲ, ಹಾಲುಹಲ್ಲಲ್ಲ!

ಹಳೇ ಹೊದಿಕೆಯನ್ನು ಎಸೆಯಬೇಡಿ. ಹೊಲಿಗೆ ಬಿಚ್ಚಿ ತುಂಡು ತುಂಡು ಮಾಡಿ. ಅದೇ ನಿಮ್ಮ ಅಳತೆ ರವಿಕೆ. ಕಾಗದದ ಮೇಲಿಟ್ಟು ಗುರುತು ಮಾಡಿ ಕತ್ತರಿಸಿ. ಹಳೇದು ಹಿಗ್ಗಿರುತ್ತದೆ, ಆದ್ದರಿಂದ ಫೋಮು ಕೂರಿಸಿದ ಮೇಲೆ ಆ ಕಾಗದವನ್ನು ಇನ್ನೊಮ್ಮೆ ಇಟ್ಟು ನೋಡಿ.

ತಗಡಿನ ತುಕ್ಕು ಉಜ್ಜಿ ತೆಗೆದು ಆಕ್ಸೈಡ್ ಬಣ್ಣ ಬಳಿಯಿರಿ. ತಗಡಿನಲ್ಲಿರುವ ತೂತುಗಳನ್ನು ಮುಚ್ಚಬೇಡಿ, ಒಳಹೊಕ್ಕ ನೀರು ಇಳಿದುಹೋಗಲು ಅವು ಬೇಕು. ಬಣ್ಣ ಒಣಗಿದ ಮೇಲೆ ಗಟ್ಟಿ ಫೋಮು ಕೆಳಗೆ, ಅದರ ಮೇಲೆ ಇನ್ನೊಂದು, ಅಂಟಿಸಿ. ರಬ್ಬರ್ ಗೋಂದನ್ನು ಎರಡೂ ಕಡೆ ತೆಳ್ಳಗೆ ಸವರಿ, ಸ್ವಲ್ಪ ಆರಿದ ಮೇಲೆ ಸೇರಿಸಬೇಕು. ಈ ಗೋಂದಿನ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಒಲೆ ಪಕ್ಕ, ದೇವರ ದೀಪದ ಪಕ್ಕ ಖಂಡಿತ ಬೇಡ. ಫೋಮನ್ನು ಕತ್ತರಿಯಲ್ಲಿ ಕತ್ತರಿಸಬೇಡಿ, ಅಂಚು ಡೊಂಕಾಗುತ್ತದೆ. ಉದ್ದನೆ ಹರಿತ ಚಾಕುವಿನಿಂದ ಬ್ರೆಡ್ ಕೊಯ್ದ ಹಾಗೆ ಕೊಯ್ಯಿರಿ.

ಹಿಂದೆ ಕೂರುವ ಜಾಗದ ಎರಡೂ ಅಂಚಿಗೆ ನಾಲ್ಕು ಬೆರಳಗಲ ಗಟ್ಟಿ ಫೋಮಿನ ಪಟ್ಟಿಯನ್ನೇ ಮೇಲಿನ ತನಕ ಕೊಡಿ. ಇದು ನನ್ನ ಮೊಣಕೈ ಕಲಿಸಿದ ಪಾಠ. ನಡುವೆ ಎಷ್ಟು ಮೆತ್ತಗಿದ್ದರೂ ಸರಿ, ಅಂಚು ಕುಸಿಯಕೂಡದು.

ಹೊಲಿಯುವಾಗ ಗುಂಡುಸೂಜಿ ಚುಚ್ಚಬೇಡಿ. ಬಟ್ಟೆಯಲ್ಲಿ ತೂತು ಮುಚ್ಚಿಹೋಗುತ್ತದೆ, ರೆಕ್ಸಿನ್ನಿನಲ್ಲಿ ಹಾಗೇ ಉಳಿಯುತ್ತದೆ. ಕ್ಲಿಪ್ಪು ಹಾಕಿ ಹಿಡಿಸಿ. ರವಿಕೆಗೆ ಒತ್ತು ಹೊಲಿಗೆ ಚೆಂದ, ಇಲ್ಲಿ ಅದೇ ಶತ್ರು. ಒತ್ತಾಗಿ ಚುಚ್ಚಿದರೆ ಅಂಚೆಚೀಟಿಯ ಹಾಗೆ ಸಾಲುತೂತಾಗಿ ಹರಿದು ಬರುತ್ತದೆ. ಹೊಲಿಗೆ ಮೂರರಿಂದ ನಾಲ್ಕು ಮಿಲಿಮೀಟರ್ ಉದ್ದ ಇರಲಿ. ಮಿಷನ್ನಿನ ಪಾದ ರೆಕ್ಸಿನ್ನಿಗೆ ಅಂಟಿ ಮುಂದೆ ಹೋಗದಿದ್ದರೆ ಮೇಲೆ ತೆಳ್ಳನೆ ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಪದರ ಹೆಚ್ಚಿರುವ ಮೂಲೆಯಲ್ಲಿ ಕಾಲು ತುಳಿಯಬೇಡಿ, ಚಕ್ರವನ್ನು ಕೈಯಿಂದ ತಿರುಗಿಸಿ. ಹತ್ತಿ ನೂಲು ಬೇಡವೇ ಬೇಡ. ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ನನ್ನದು ಕೊಳೆತಿತ್ತು. ಕೂರುವ ಜಾಗದ ನಡುವೆ ಹೊಲಿಗೆ ಬಾರದ ಹಾಗೆ ಕತ್ತರಿಸಿದರೆ ನೀರು ಒಳಗೆ ಹೋಗುವುದು ಕಡಿಮೆ.

ಹೊಲಿದಾದ ಮೇಲೆ ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿ. ಚಪಾತಿ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಇಸ್ತ್ರಿಪೆಟ್ಟಿಗೆ ತಾಗಿಸಬೇಡಿ, ಕರಗುತ್ತದೆ. ಫೋಮಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿಸಿ ಆರುವ ಮುಂಚೆ ಹೊದಿಕೆ ಎಳೆದು, ಮುಂದೆ ಮೊದಲು, ಆಮೇಲೆ ಹಿಂದೆ, ಕೊನೆಗೆ ಪಕ್ಕಗಳನ್ನು ಹಲ್ಲಿಗೆ ಸಿಕ್ಕಿಸಿ. ಇದಕ್ಕೆ ಇನ್ನೊಬ್ಬರ ಕೈ ಬೇಕು, ಮಗನನ್ನೇ ಕರೆಯಿರಿ. ಸವಾರನಿಗೂ ಹಿಂದೆ ಕೂರುವವರಿಗೂ ನಡುವೆ ಅಡ್ಡಲಾಗಿ ಒಂದು ಹಿಡಿಪಟ್ಟಿಯನ್ನು ತಗಡಿಗೆ ಬಿಗಿದು ಕೊಡಿ. ನನಗೆ ಅದಿದ್ದರೆ ಅವತ್ತು ಬೀಳುತ್ತಿರಲಿಲ್ಲವೋ ಏನೋ.

ಬಿಚ್ಚಿದ ಹಳೇ ಫೋಮು, ರೆಕ್ಸಿನ್ನನ್ನು ದಯವಿಟ್ಟು ಹಂಡೆ ಒಲೆಗೆ ಹಾಕಬೇಡಿ. ಚುರುಚುರು ಉರಿಯುತ್ತದೆ ನಿಜ, ಆದರೆ ಆ ಹೊಗೆ ವಿಷ. ಫೋಮಿನ ಹೊಗೆಯಲ್ಲಿ ಸಯನೈಡ್ ಗಾಳಿ, ರೆಕ್ಸಿನ್ನಿನ ಹೊಗೆಯಲ್ಲಿ ಆಮ್ಲ ಇರುತ್ತದೆ. ಕಸದ ಗಾಡಿಗೆ ಕೊಡಿ.

ಆಮೇಲಿನ ಆರೈಕೆ ಸುಲಭ. ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಾಕಿ ಒರೆಸಿದರೆ ಸಾಕು. ಸೀಮೆಎಣ್ಣೆ, ಪೆಟ್ರೋಲು, ಕೊಬ್ಬರಿಎಣ್ಣೆ ಯಾವುದೂ ಬೇಡ. ಮುಚ್ಚಲು ಹಳೇ ಹತ್ತಿ ಸೀರೆ ಹೊದಿಸಿ, ಪ್ಲಾಸ್ಟಿಕ್ ಬಿಗಿದರೆ ಒಳಗೆ ಬೆವರುತ್ತದೆ.

ಇನ್ನೊಂದು ಮಾತು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕದ ಹಾಗೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಬೇಕು ಅಂತ 1989ರ ಮೋಟಾರು ವಾಹನ ನಿಯಮಗಳಲ್ಲಿದೆ. ಸೀಟು ಭದ್ರವಾಗಿ ಬಿಗಿದಿರಬೇಕು ಅಂತ 1988ರ ಕಾಯಿದೆಯೇ ಹೇಳುತ್ತದೆ. ಹಳೇ ಗಾಡಿಯಲ್ಲಿ ಸೀರೆ ಜಾಲರಿ ಬಿಚ್ಚಿಹೋಗಿದ್ದರೆ ಹಾಕಿಸಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು. ಆಗುವುದಾದರೆ ಎರಡೂ ಕಡೆ ಕಾಲು ಹಾಕಿಯೇ ಕೂರಿ. ಊರವರು ಎರಡು ದಿನ ನೋಡುತ್ತಾರೆ, ಮೂರನೇ ದಿನ ಮರೆಯುತ್ತಾರೆ.

ಈಗ ಕಾಗದ ಬರೆದ ತಂಗಿಗೆ. ಗುಜರಿಯವನಿಗೆ ಆತುರದಿಂದ ಕೊಡಬೇಡಿ. ಅವನು ತೂಕಕ್ಕೆ ಬೆಲೆ ಕಟ್ಟುತ್ತಾನೆ. ಹಳೇ ಜಾವಾ, ಯೆಜ್ಡಿ ಹುಡುಕಿಕೊಂಡು ಬರುವವರು ಇದ್ದಾರೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಆ ಗಾಡಿಯವರೆಲ್ಲ ಸೇರುತ್ತಾರೆ. ಮಾರುವುದಾದರೂ ಅಂಥವರಿಗೆ ಮಾರಿ. ಇಟ್ಟುಕೊಳ್ಳುವುದಾದರೂ, ಮಾರುವುದಾದರೂ, ಮೊದಲು ಕಾಗದಪತ್ರ ನಿಮ್ಮ ಹೆಸರಿಗಾಗಬೇಕು. ಯಜಮಾನರು ತೀರಿಹೋದರೆ 30 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು ಅನ್ನುವುದು ನಿಯಮ. ತಡವಾಗಿದೆ ಅಂತ ಹೆದರಬೇಡಿ, ಮರಣ ಪತ್ರ, ಗಾಡಿಯ ಆರ್‌ಸಿ ಹಿಡಿದು ಹೋಗಿ ಕೇಳಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದನ್ನೂ ನೋಡಿಕೊಳ್ಳಿ.

ಮಾರಬೇಕೋ ಬೇಡವೋ ಅಂತ ನಾನು ಹೇಳುವುದಿಲ್ಲ. ಅದು ನಿಮ್ಮ ಮನಸ್ಸು, ನಿಮ್ಮ ಖರ್ಚುವೆಚ್ಚ. ಆದರೆ ಸೀಟು ಮಾತ್ರ ಹೊಲಿದುಬಿಡಿ. ಒಂದು ಸಲ ಕೈ ಪಳಗಿದರೆ ಊರಿನ ಹತ್ತು ಗಾಡಿಯ ಸೀಟು ನಿಮ್ಮ ಜಗಲಿಗೇ ಬಂದಾವು. ರವಿಕೆ ಹೊಲಿದು ಬರುವ ದುಡ್ಡಿಗೆ ಇನ್ನೊಂದಿಷ್ಟು ಸೇರೀತು. ಇಲಿಗೂಡು ಇರುವ ಗಾಡಿ ನೋಡಿದರೆ ಸಂಕಟವೇ ಆಗುತ್ತದೆ. ಚೆನ್ನಾಗಿ ಸೀಟು ಕೂತ ಗಾಡಿ ನೋಡಿ ತೀರ್ಮಾನ ಮಾಡಿ, ಆಗ ಅದು ಸರಿಯಾದ ತೀರ್ಮಾನ ಆಗುತ್ತದೆ.

ನಮ್ಮ ಜಾವಾ ಇನ್ನೂ ಇದೆ. ಇವರಿಗೆ ಈಗ ಕಿಕ್ ಹೊಡೆಯಲು ಮಂಡಿ ಒಪ್ಪುವುದಿಲ್ಲ. ರಜೆಗೆ ಬಂದರೆ ಮೊಮ್ಮಗಳೇ ಓಡಿಸುತ್ತಾಳೆ. ಹೋದ ದೀಪಾವಳಿಗೆ ಇವರು ನನ್ನ ಜಾಗದಲ್ಲಿ, ಅಂದರೆ ಹಿಂದಿನ ಸೀಟಿನಲ್ಲಿ ಕೂತು ಹೆದ್ದಾರಿವರೆಗೆ ಒಂದು ಸುತ್ತು ಹೋಗಿ ಬಂದರು. ಇಳಿದವರೇ “ಇಷ್ಟು ವರ್ಷ ನೀನು ಹೀಗಾ ಕೂತಿದ್ದೆ?” ಅಂದರು. ಹೌದು ಅಂದೆ. ಆಗಲೇ ಅವರಿಗೆ 1983ರ ಸ್ಪಂಜಿನ ಕಥೆ ಹೇಳಿದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಚು ಈಗ ಗಟ್ಟಿಯಾಗಿದೆ ಬಿಡು” ಅಂದರು.

ಮುಂದಿನ ಸಂಚಿಕೆಯಲ್ಲಿ ಹುಣಸೆ ತೊಕ್ಕು ವರ್ಷಗಟ್ಟಲೆ ಕೆಡದ ಹಾಗೆ ಮಾಡುವುದು ಹೇಗೆ ಅಂತ ನೋಡೋಣ. ಬೈಯುವವರು ಈಗಲೇ ಕಾಗದ ಬರೆದಿಡಿ.